ಘಟ್ಟದ ಮೇಲೆ ಏಸಿ: ನಂಬಿಕೆ ಒಂದು, ಲೆಕ್ಕ ಇನ್ನೊಂದು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಏಸಿ ಬಗ್ಗೆ ಎರಡೇ ಬಣ. 'ಮಲೆನಾಡಿಗೆ ಏಸಿ ಎಂತಕ್ಕೆ ಮಾರಾಯ' ಎನ್ನುವವರದು ಒಂದು. ಏಪ್ರಿಲ್ ರಜೆಗೆ ಮೊಮ್ಮಕ್ಕಳು ಬೆಂಗಳೂರಿನಿಂದ ಬರುವ ಮೊದಲೇ ಒಂದೂವರೆ ಟನ್ನಿನ ಫೈವ್ ಸ್ಟಾರ್ ತಂದು ಗೋಡೆಗೇರಿಸಿಬಿಡುವವರದು ಇನ್ನೊಂದು. ಇಬ್ಬರೂ ಅರ್ಧ ಸರಿ. ಉಳಿದರ್ಧದಲ್ಲಿ ಇಬ್ಬರೂ ನಮ್ಮ ಹವೆಯನ್ನು ಬಿಟ್ಟು ಬೇರೆ ಯಾವುದೋ ಊರಿನ ಹವೆಯ ಲೆಕ್ಕ ಹಾಕುತ್ತಿದ್ದಾರೆ.

ನಂಬಿಕೆ: ಘಟ್ಟದ ಮೇಲೆ ಸೆಕೆಯೇ ಇಲ್ಲ, ಏಸಿ ಬರೀ ಶೋಕಿ

ಮೂರೂ ಪೇಟೆಗಳು ಸಮುದ್ರಮಟ್ಟದಿಂದ 500–600 ಮೀಟರ್ ಎತ್ತರದಲ್ಲಿವೆ. ಎತ್ತರ ಏರಿದಂತೆ ತಂಪು ಎಂಬ ಶಾಲೆಯ ಪಾಠದ ಪ್ರಕಾರ ಕುಮಟಾ, ಅಂಕೋಲಾಕ್ಕಿಂತ ಇಲ್ಲಿ ಯಾವಾಗಲೂ ಮೂರ್ನಾಲ್ಕು ಡಿಗ್ರಿ ಕಡಿಮೆ ಇರಬೇಕು. ರಾತ್ರಿಯ ಮಟ್ಟಿಗೆ ಈ ಪಾಠ ಸರಿ, ಮಧ್ಯಾಹ್ನಕ್ಕೆ ಅಲ್ಲ. ಕೆಳಗೆ ಕರಾವಳಿಯಲ್ಲಿ ಹೊತ್ತೇರುತ್ತಿದ್ದಂತೆ ಕಡಲಗಾಳಿ ಬೀಸಿ ಬಿಸಿಲಿನ ಏರಿಕೆಯನ್ನು ತಡೆಯುತ್ತದೆ. ಆ ಗಾಳಿ ದೇವಿಮನೆ ಘಟ್ಟವನ್ನೋ ಅರಬೈಲ್ ಘಟ್ಟವನ್ನೋ ಹತ್ತಿ ಬರುವಷ್ಟರಲ್ಲಿ ಸೋತಿರುತ್ತದೆ. ಹಾಗಾಗಿ ಏಪ್ರಿಲ್ ಮಧ್ಯಾಹ್ನ ಶಿರಸಿಯಲ್ಲಿ ಪಾದರಸ 35 ಡಿಗ್ರಿಯ ಆಸುಪಾಸಿಗೆ ಹೋಗುತ್ತದೆ, ಕೆಲವು ದಿನ ಕುಮಟೆಯನ್ನೂ ಮೀರುತ್ತದೆ. ಸೆಕೆ ಇಲ್ಲ ಎನ್ನುವುದು ಸುಳ್ಳು. ಆದರೆ ಕತ್ತಲಾದ ಮೇಲೆ ಹೊರಗಿನ ಗಾಳಿ 20–22ಕ್ಕೆ ಇಳಿಯುವುದೂ ಅಷ್ಟೇ ನಿಜ. ಈ ಪುಣ್ಯ ಕರಾವಳಿಗಿಲ್ಲ.

ಹಾಗಿದ್ದರೆ ಅಂಗಳದಲ್ಲಿ ತಣ್ಣಗಿರುವ ರಾತ್ರಿ ಹತ್ತು ಗಂಟೆಗೆ ಮಲಗುವ ಕೋಣೆಯಲ್ಲಿ ಬೆವರು ಸುರಿಯುವುದೇಕೆ? ತಪ್ಪು ತಾರಸಿಯದು. ನಾಲ್ಕೈದು ಇಂಚಿನ ಕಾಂಕ್ರೀಟು ಹಗಲಿಡೀ ಬಿಸಿಲು ಕುಡಿಯುತ್ತದೆ. ಆ ಬಿಸಿ ದಪ್ಪವನ್ನು ದಾಟಿ ಒಳಗಿನ ಮುಖಕ್ಕೆ ಇಳಿಯಲು ಕೆಲವು ತಾಸು ಬೇಕು. ಅಂದರೆ ಮಧ್ಯಾಹ್ನದ ಬಿಸಿಲು ಕೋಣೆಗೆ ಬಂದು ಮುಟ್ಟುವುದು ನಾವು ಊಟ ಮುಗಿಸಿ ಮಲಗುವ ಹೊತ್ತಿಗೆ. ಫ್ಯಾನು ಜೋರು ಮಾಡಿದರೆ ಚಾವಣಿಯಡಿಯ ಆ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ.

ಹಳೆಯ ಮನೆಗಳಲ್ಲಿ ಈ ತಾಪತ್ರಯ ಇರಲಿಲ್ಲ. ಮೇಲೆ ಉಸಿರಾಡುವ ಹಂಚು, ನಡುವೆ ಮೆತ್ತು, ಅದರ ಕೆಳಗೆ ಹಲಗೆಯ ಮುಚ್ಚಿಗೆಯ ಮೇಲೆ ಮಣ್ಣಿನ ಪದರ, ಎಲ್ಲಕ್ಕಿಂತ ಕೆಳಗೆ ನಾವು. ಅಂಗಳದಲ್ಲಿ ಅಡಿಕೆ ದಬ್ಬೆಯ ಚಪ್ಪರ. ಅದನ್ನು ಹಾಕುತ್ತಿದ್ದುದು ಕೊಯ್ಲಿನ ಕಾಲದಲ್ಲಿ ಅಡಿಕೆ ಒಣಗಿಸಲು. ಆದರೆ ಬೇಸಿಗೆ ಮುಗಿಯುವ ತನಕ ಜಗಲಿಯ ಗೋಡೆಗೆ ಬಿಸಿಲು ಬಡಿಯದಂತೆ ಕಾದದ್ದೂ ಅದೇ. ಈಗ ಮನೆ ತಾರಸಿಯಾಗಿದೆ, ಚಪ್ಪರದ ಜಾಗಕ್ಕೆ ಇಂಟರ್‌ಲಾಕ್ ಬಂದಿದೆ. ಸೂರ್ಯ ಮಾತ್ರ ಮೊದಲಿನ ಕಡೆಯಲ್ಲೇ ಹುಟ್ಟುತ್ತಾನೆ.

ಆದ್ದರಿಂದ ಮೊದಲ ಖರ್ಚು ಮಾಡಿಗೆ. ಮಳೆಗೆ ಹೆದರಿ ತಾರಸಿಯ ಮೇಲೆ ಶೀಟು ಹೊದಿಸಿದವರು ಅರ್ಧ ಕೆಲಸ ಮುಗಿಸಿದ್ದಾರೆ, ಆದರೆ ಶೀಟಿನಡಿ ಗಾಳಿ ಆಡಬೇಕು. ನಾಲ್ಕೂ ಕಡೆ ಮುಚ್ಚಿ ಗೋದಾಮು ಮಾಡಿಕೊಂಡರೆ ಆ ಬಿಸಿ ಅಲ್ಲೇ ಕೂತು ಕೆಳಗಿಳಿಯುತ್ತದೆ. ಶೀಟು ಇಲ್ಲದವರು ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಹಚ್ಚಬಹುದು. ತೋಟದಲ್ಲಿ ಬಿದ್ದ ಸೋಗೆಯನ್ನು ತಾರಸಿಯ ಮೇಲೆ ದಪ್ಪಕ್ಕೆ ಹರಡಿದರೂ ನೆರಳು ನೆರಳೇ. ಬೆಂಕಿಯ ಬಗ್ಗೆ ಎಚ್ಚರ ಬೇಕು, ಮೊದಲ ಮಳೆಗೆ ಮುಂಚೆ ತೆಗೆಯದಿದ್ದರೆ ನೀರಿನ ದಾರಿ ಕಟ್ಟುತ್ತದೆ. ರಾತ್ರಿ ಸೊಳ್ಳೆಪರದೆ ಹೊಡೆದ ಕಿಟಕಿಗಳನ್ನು ಎದುರುಬದುರಾಗಿ ತೆರೆದಿಟ್ಟರೆ ಅರ್ಧಕ್ಕರ್ಧ ಮನೆಗಳಿಗೆ ಏಸಿ ಬೇಡವೇ ಬೇಡ. ಇದಾದ ಮೇಲೂ ಹಾಸಿಗೆ ಹಿಡಿದ ಹಿರಿಯರು, ಎಳೆಗೂಸು, ಪಡುವಣ ಬಿಸಿಲಿನ ಮಹಡಿ ಕೋಣೆ ಇದ್ದರೆ ಏಸಿ ಹಾಕಿಸಿ. ಅದು ಶೋಕಿಯಲ್ಲ, ಯಾರ ಮುಂದೆಯೂ ನಾಚಿಕೊಳ್ಳಬೇಕಾಗಿಲ್ಲ.

ನಂಬಿಕೆ: ಹಂಚಿನ ಕೋಣೆಯಾದರೆ ಅರ್ಧ ಟನ್ ಹೆಚ್ಚು ಹಾಕಿದರಾಯಿತು

ಟನ್ ಎಂದರೆ ಯಂತ್ರದ ತೂಕವಲ್ಲ. ಒಂದು ಟನ್ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಎಷ್ಟು ಬಿಸಿ ಹೀರುತ್ತದೋ ಅಷ್ಟನ್ನು ಹೊರಹಾಕುವ ಶಕ್ತಿ ಅದು, ಸುಮಾರು 3.5 ಕಿಲೋವ್ಯಾಟ್. ಮುಚ್ಚಿಗೆಯಿಲ್ಲದ ಹಂಚಿನ ಕೋಣೆಯಲ್ಲಿ ಹಂಚುಗಳ ಸಂದಿಯಿಂದ, ಗೋಡೆ ಮತ್ತು ಮಾಡಿನ ನಡುವಿನ ಬಿಡುವಿನಿಂದ ಗಾಳಿ ಸದಾ ಓಡಾಡುತ್ತಿರುತ್ತದೆ. ಅಲ್ಲಿ ಎರಡು ಟನ್ ಹಾಕಿದರೂ ಸೋರುವ ಕೊಡಕ್ಕೆ ನೀರು ಹೊತ್ತಂತೆ. ಬೇಕಾದದ್ದು ಟನ್ ಅಲ್ಲ, ಮುಚ್ಚಿಗೆ. ಮೆತ್ತಿನ ಕೆಳಗಿನ ಕೋಣೆಯನ್ನೇ ಆರಿಸಿಕೊಂಡು ಬಾಗಿಲಿನ ಸಂದಿಗೆ ರಬ್ಬರ್ ಪಟ್ಟಿ ಹೊಡೆದರೆ ಹತ್ತು–ಹನ್ನೆರಡು ಅಡಿಯ ಕೋಣೆಗೆ ಒಂದು ಟನ್ ಧಾರಾಳ.

ಹೆಚ್ಚಿದ್ದರೆ ಒಳ್ಳೆಯದೇ ಎಂಬುದೂ ಸರಿಯಲ್ಲ. ಅಗತ್ಯಕ್ಕಿಂತ ದೊಡ್ಡ ಏಸಿ ಕೋಣೆಯನ್ನು ಬೇಗ ತಣಿಸಿ ಸುಮ್ಮನಾಗುತ್ತದೆ, ಗಾಳಿಯ ತೇವ ತೆಗೆಯುವಷ್ಟು ಹೊತ್ತು ಓಡುವುದೇ ಇಲ್ಲ. ಮಳೆ ಕಟ್ಟಿ ನಿಂತ ಮೇ ತಿಂಗಳ ರಾತ್ರಿ ಮೈ ತಣ್ಣಗಿದ್ದೂ ಅಂಟುವುದು ಅದಕ್ಕೇ.

ನಂಬಿಕೆ: ಫೈವ್ ಸ್ಟಾರ್ ತಗೊಂಡರೆ ದುಡ್ಡು ತಾನಾಗಿ ವಾಪಸ್

ಏಸಿಯ ಮೇಲಿನ ಸ್ಟಾರ್ ಚೀಟಿಯನ್ನು ಪೂರ್ತಿ ಓದುವವರು ಕಡಿಮೆ. ಅದರಲ್ಲಿ ವರ್ಷಕ್ಕೆ ಇಷ್ಟು ಯೂನಿಟ್ ಎಂದು ಬರೆದಿರುತ್ತದಲ್ಲ, ಅದು 1,600 ಗಂಟೆ ಓಡಿಸಿದರೆ ಎಂಬ ಲೆಕ್ಕ. ಇಡೀ ದೇಶಕ್ಕೆ ಒಂದೇ ಅಳತೆ. ನಮ್ಮಲ್ಲಿ ಮಾರ್ಚ್ ನಡುವಿನಿಂದ ಮೇ ಕೊನೆಯ ತನಕ, ಮಳೆ ಬಿದ್ದು ತಂಪಾದ ರಾತ್ರಿಗಳನ್ನು ಬಿಟ್ಟು, ಅರುವತ್ತು ರಾತ್ರಿ ಎಂಟೆಂಟು ತಾಸು ಓಡಿಸಿದರೂ 500 ಗಂಟೆ ತುಂಬುವುದಿಲ್ಲ. ಕಲಬುರಗಿಯ, ಬಳ್ಳಾರಿಯ ಮನೆಗೆ ಸರಿಹೋಗುವ ಲೆಕ್ಕ ಇಲ್ಲಿ ಮೂರನೆಯ ಒಂದು ಪಾಲಿಗೆ ಇಳಿಯುತ್ತದೆ.

ತ್ರೀ ಸ್ಟಾರ್ ಮತ್ತು ಫೈವ್ ಸ್ಟಾರ್ ಚೀಟಿಗಳ ನಡುವೆ 200 ಯೂನಿಟ್ ಅಂತರ ಇದೆ ಎನ್ನಿ. ನಮ್ಮ ಬಳಕೆಗೆ ಉಳಿಯುವುದು ಅರುವತ್ತು ಚಿಲ್ಲರೆ ಯೂನಿಟ್. ಯೂನಿಟ್ಟಿಗೆ ಏಳು ರೂಪಾಯಿಯೆಂದರೂ ವರ್ಷಕ್ಕೆ ನಾನೂರೈವತ್ತು ದಾಟುವುದಿಲ್ಲ. ಬೆಲೆಯಲ್ಲಿ ಎಂಟು ಸಾವಿರ ವ್ಯತ್ಯಾಸವಿದ್ದರೆ ಅದು ಮರಳಿ ಬರಲು ಹದಿನೆಂಟು–ಹತ್ತೊಂಬತ್ತು ಬೇಸಿಗೆ ಬೇಕು. ಅಷ್ಟರೊಳಗೆ ಏಸಿಯೇ ಮುದಿಯಾಗಿರುತ್ತದೆ. ನನ್ನ ಮಟ್ಟಿಗೆ ಈ ಸೀಮೆಯ ಮಲಗುವ ಕೋಣೆಗೆ ತ್ರೀ ಸ್ಟಾರ್ ಇನ್ವರ್ಟರ್ ಸಾಕು, ಉಳಿದ ಹಣ ಮಾಡಿಗೆ ಹೋಗಲಿ. ಹಗಲೂ ಓಡುವ ಅಂಗಡಿ, ಕ್ಲಿನಿಕ್, ಹೋಂಸ್ಟೇಗಳ ಮಾತು ಬೇರೆ. ಸ್ಟಾರಿನ ಮಾನದಂಡವನ್ನು ಆಗಾಗ ಬಿಗಿ ಮಾಡುತ್ತಾರೆ, ಆದ್ದರಿಂದ ಚೀಟಿಯ ಮೇಲಿನ ಅವಧಿಯನ್ನೂ ನೋಡಿ. ಹಳೆಯ ದಾಸ್ತಾನಿನ ಐದು ಸ್ಟಾರ್ ಹೊಸ ಅಳತೆಯಲ್ಲಿ ನಾಲ್ಕಕ್ಕೆ ಇಳಿದಿರಬಹುದು.

ನಂಬಿಕೆ: ಗೃಹಜ್ಯೋತಿ ಇದೆ, 200 ಯೂನಿಟ್ ತನಕ ಪುಕ್ಕಟೆ

ಪ್ರತಿ ಮನೆಗೂ 200 ಯೂನಿಟ್ ಪುಕ್ಕಟೆ ಎಂದು ತಿಳಿದವರೇ ಹೆಚ್ಚು. 2023ರ ಜುಲೈಯಲ್ಲಿ ಶುರುವಾದ ಈ ಯೋಜನೆಯಲ್ಲಿ ನಿಮ್ಮ ಪಾಲು ನಿಗದಿಯಾಗುವುದು ನಿಮ್ಮದೇ ಹಳೆಯ ಬಳಕೆಯ ಮೇಲೆ. 2022–23ರ ತಿಂಗಳ ಸರಾಸರಿ, ಅದರ ಮೇಲೆ ಸಾಮಾನ್ಯವಾಗಿ ಶೇ 10. ಸರಾಸರಿ ಅರುವತ್ತಿದ್ದ ಮನೆಗೆ ಸಿಗುವುದು 66 ಯೂನಿಟ್. ಅದನ್ನು ಮೀರಿದ್ದಕ್ಕೆ ದುಡ್ಡು ಕೊಡಬೇಕು, 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ.

ಈಗ ಏಸಿ ಸೇರಿಸಿ. ಚೆನ್ನಾಗಿ ಮುಚ್ಚಿದ ಕೋಣೆಯಲ್ಲಿ ಒಂದು ಟನ್ನಿನ ಇನ್ವರ್ಟರ್ ಏಸಿ ಎಂಟು ತಾಸಿಗೆ ನಾಲ್ಕೈದು ಯೂನಿಟ್ ತಿನ್ನುತ್ತದೆ, ತಿಂಗಳಿಗೆ 120ರಿಂದ 150. ಹಳೆಯ ಅರುವತ್ತರ ಜತೆ ಕೂಡಿದರೆ 180ರಿಂದ 210. ಗೆರೆಯ ಈಚೆಯೋ ಆಚೆಯೋ ಎಂಬುದನ್ನು ರಿಮೋಟಿನ ಎರಡು ಡಿಗ್ರಿ ತೀರ್ಮಾನಿಸುತ್ತದೆ. ಒಂದು ಡಿಗ್ರಿ ಮೇಲಿಟ್ಟರೆ ಸುಮಾರು ಶೇ 6 ಉಳಿತಾಯ ಎನ್ನುತ್ತದೆ ಕೇಂದ್ರದ ಇಂಧನ ದಕ್ಷತಾ ಸಂಸ್ಥೆ. 2020ರ ಜನವರಿಯಿಂದ ಹೊಸ ಏಸಿಗಳು ಚಾಲೂ ಆದಾಗ 24ಕ್ಕೇ ನಿಲ್ಲುವಂತೆ ಮಾಡಿದ್ದೂ ಇದಕ್ಕಾಗಿಯೇ. 26ಕ್ಕಿಟ್ಟು ಫ್ಯಾನು ಸಣ್ಣಗೆ ತಿರುಗಿಸಿ ನೋಡಿ, ಕಂಬಳಿ ಹುಡುಕಬೇಕಾಗುತ್ತದೆ. 16ಕ್ಕಿಟ್ಟರೆ ಬೇಗ ತಂಪಾಗುತ್ತದೆ ಎಂಬುದು ಸುಳ್ಳು. ಶುರುವಿನಲ್ಲಿ ಯಂತ್ರ ಹೇಗೂ ಪೂರ್ತಿ ಬಲದಲ್ಲೇ ಓಡುತ್ತಿರುತ್ತದೆ. 16 ಎಂದರೆ ನಿಲ್ಲಬೇಕಾದಲ್ಲಿ ನಿಲ್ಲಬೇಡ ಎಂದು ಹೇಳಿದಂತಾಯಿತು, ಅಷ್ಟೇ. ಇನ್ನೊಂದು ವಿಷಯ, ಏಸಿ ಕೂಡಿಸಿದ ಮೇಲೆ ಮಂಜೂರಾದ ಲೋಡು ಸಾಲುತ್ತದೆಯೇ ಎಂದು ಹೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ, ಬೇಕಿದ್ದರೆ ಏರಿಸಿಕೊಳ್ಳಿ.

ನಂಬಿಕೆ: ಇನ್ವರ್ಟರ್ ಏಸಿ ಕರೆಂಟು ಹೋದರೂ ಓಡುತ್ತದೆ, ಸ್ಟೆಬಿಲೈಸರ್ ಇದ್ದರೆ ಸಿಡಿಲಿನ ಭಯವಿಲ್ಲ

ಎರಡೂ ಇಲ್ಲ. ಈ ಏಸಿಯಲ್ಲಿ ಬ್ಯಾಟರಿ ಇರುವುದಿಲ್ಲ, ಕಂಪ್ರೆಸರಿನ ವೇಗವನ್ನು ಅಗತ್ಯಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸುವ ವ್ಯವಸ್ಥೆ ಮಾತ್ರ ಇರುತ್ತದೆ. ಮನೆಯ ಮೂಲೆಯಲ್ಲಿರುವ ಬ್ಯಾಟರಿ ಪೆಟ್ಟಿಗೆ ದೀಪ, ಫ್ಯಾನುಗಳಿಗೆ ಮಾಡಿದ್ದು. ಏಸಿಯನ್ನು ಅದಕ್ಕೆ ಜೋಡಿಸಹೋಗಬೇಡಿ.

ವೋಲ್ಟೇಜಿನ ಗೋಳು ಇಲ್ಲಿ ಹೊಸದಲ್ಲ. ಸಿದ್ದಾಪುರದ ಗಡಿಯ ಜೋಗದಲ್ಲಿ 1948ರಿಂದ ವಿದ್ಯುತ್ತು ಹುಟ್ಟುತ್ತಿದೆ, ಕಾಳಿ ನದಿಯ ಮೇಲೆ ಕೊಡಸಳ್ಳಿ, ಕದ್ರಾ ಅಣೆಕಟ್ಟುಗಳು, ಅದರ ಮಗ್ಗುಲಲ್ಲೇ ಕೈಗಾ ಅಣುಸ್ಥಾವರ. ಇಷ್ಟಿದ್ದೂ ನಮ್ಮ ಬಲ್ಬು ಡಿಮ್ಮು ಎಂದು ಬೈಯುವುದು ಜಿಲ್ಲೆಯ ಹಳೆಯ ಹವ್ಯಾಸ. ಸಿಟ್ಟು ನ್ಯಾಯವಾದದ್ದೇ, ಕಾರಣ ಮಾತ್ರ ಬೇರೆ. ಅಲ್ಲಿನ ವಿದ್ಯುತ್ತು ದೊಡ್ಡ ಲೈನು ಹಿಡಿದು ದೂರ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ತೋಟ, ಬೆಟ್ಟ ದಾಟಿ ಒಂಟಿಮನೆಗೆ ಬರುವ ತೆಳು ತಂತಿಯಲ್ಲಿ ವೋಲ್ಟೇಜು ದಾರಿಯಲ್ಲೇ ಕರಗುತ್ತದೆ. ಬೇಸಿಗೆಯಲ್ಲಿ ಎಲ್ಲರ ಪಂಪ್‌ಸೆಟ್ಟೂ ಒಟ್ಟಿಗೆ ಚಾಲೂ ಆದಾಗ ಇನ್ನಷ್ಟು. ಇನ್ವರ್ಟರ್ ಏಸಿಗಳು ಸಾಕಷ್ಟು ಏರಿಳಿತ ತಡೆಯುತ್ತವೆ, ಎಷ್ಟೆಂಬುದು ಮಾದರಿಯಿಂದ ಮಾದರಿಗೆ ಬೇರೆ. ಅಂಗಡಿಗೆ ಹೋಗುವ ಮೊದಲು ಸಂಜೆ ಏಳರಿಂದ ಹತ್ತರ ನಡುವೆ ಮನೆಯ ವೋಲ್ಟೇಜನ್ನು ಮೀಟರಿನಲ್ಲಿ ಅಳೆಸಿ. ಮಾದರಿಯ ಮಿತಿಗಿಂತ ಕೆಳಗಿದ್ದರೆ ಸ್ಟೆಬಿಲೈಸರ್ ಬೇಕು.

ಸಿಡಿಲಿನ ಮುಂದೆ ಅದರ ಆಟ ನಡೆಯುವುದಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ತಂತಿಯ ಮೇಲೆ ಬರುವ ಹೊಡೆತ ಕ್ಷಣಾರ್ಧದ್ದು, ಸ್ಟೆಬಿಲೈಸರಿನ ರಿಲೇ ಎಚ್ಚರಾಗುವ ಮೊದಲೇ ಬೋರ್ಡು ಸುಟ್ಟಿರುತ್ತದೆ. ಮೋಡ ಗುಡುಗುವ ಮೊದಲೇ ಪ್ಲಗ್ ಕಿತ್ತಿಡಿ. ಜತೆಗೆ ಅರ್ಥಿಂಗ್ ಗುಂಡಿ ನೋಡಿಕೊಳ್ಳಿ. ನಮ್ಮ ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ವಿದ್ಯುತ್ತನ್ನು ಸರಿಯಾಗಿ ಹೀರುವುದಿಲ್ಲ, ವಾರಕ್ಕೊಮ್ಮೆ ನಾಲ್ಕು ಕೊಡ ನೀರು ಹೊಯ್ಯಿರಿ.

ನಂಬಿಕೆ: ಮಳೆಗಾಲದ ಬೂಷ್ಟಿಗೂ ಏಸಿಯೇ ಮದ್ದು

ಈ ಆಸೆಗೆ ಇತಿಹಾಸದ ಬೆಂಬಲವೂ ಇದೆ. 1902ರಲ್ಲಿ ವಿಲಿಸ್ ಕ್ಯಾರಿಯರ್ ಏಸಿಯನ್ನು ರೂಪಿಸಿದ್ದೇ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಮುದ್ರಣಾಲಯವೊಂದರಲ್ಲಿ ತೇವಕ್ಕೆ ಕಾಗದ ಹಿಗ್ಗದಂತೆ ನೋಡಿಕೊಳ್ಳಲು. ಆದರೆ ಗಾಳಿಯನ್ನು ತಣಿಸಿ ಅದರೊಳಗಿನ ತೇವವನ್ನು ನೀರಾಗಿಸಿದರೆ ಮಾತ್ರ ಏಸಿ ಅದನ್ನು ತೆಗೆಯಬಲ್ಲದು. ಆಷಾಢದಲ್ಲಿ ಇಲ್ಲಿ ಕೋಣೆಯೇ 22–23 ಡಿಗ್ರಿಯಲ್ಲಿರುತ್ತದೆ. ಡ್ರೈ ಮೋಡ್ ಒತ್ತಿದರೆ ಯಂತ್ರ ಸ್ವಲ್ಪ ಓಡಿ ನಿಲ್ಲುತ್ತದೆ, ಓಡಿಸಿಯೇ ತೀರುತ್ತೇನೆಂದರೆ ನಡುಕ ಹುಟ್ಟುತ್ತದೆ. ಆ ಕಾಲಕ್ಕೆ ಬೇಕಾದದ್ದು ತಂಪಲ್ಲ, ತುಸು ಬೆಚ್ಚಗೆ. ಗಾಳಿ ಬೆಚ್ಚಗಾದಷ್ಟೂ ಅದರ ಸಾಪೇಕ್ಷ ತೇವಾಂಶ ಇಳಿಯುತ್ತದೆ. ಬಚ್ಚಲ ಒಲೆಯ ಮೇಲೆ ಬಟ್ಟೆ ಒಣಗಿಸಿದ ನಮ್ಮ ಮನೆಗಳಿಗೆ ಇದು ಗೊತ್ತಿರುವ ವಿಷಯವೇ. ಪುಸ್ತಕ, ರೇಷ್ಮೆ ಸೀರೆಗಳಿಗೆ ತೇವ ಹೀರುವ ಪ್ರತ್ಯೇಕ ಯಂತ್ರ ಸಿಗುತ್ತದೆ. ಅದು ಕೋಣೆಯನ್ನು ಸ್ವಲ್ಪ ಬಿಸಿಯೂ ಮಾಡುವುದರಿಂದ ನಮ್ಮ ಮಳೆಗೆ ಹೆಚ್ಚು ಒಗ್ಗುತ್ತದೆ.

ಏರ್ ಕೂಲರಿನದು ಇದೇ ಕತೆಯ ಇನ್ನೊಂದು ಮಗ್ಗುಲು. ಗಾಳಿ ಒಣಗಿರುವ ಮಾರ್ಚ್ ಮಧ್ಯಾಹ್ನ ಕೆಲಸ ಮಾಡುತ್ತದೆ, ಮೇಯಲ್ಲಿ ಪಡುವಣ ಗಾಳಿ ತೇವ ಹೊತ್ತು ತಂದ ಮೇಲೆ ಕೋಣೆಯನ್ನು ಇನ್ನಷ್ಟು ಜಿಗುಟು ಮಾಡುತ್ತದೆ.

ಚಿಲ್ಲರೆ ನಂಬಿಕೆಗಳು

ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು ಎಂದರೆ ನಂಬಬೇಡಿ. ಅದು ಸುಟ್ಟು ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಮೊದಲು ಸೋರುವ ಜಾಗ ಮುಚ್ಚಿಸಿ. ಗೋಡೆಯ ಏಸಿ ಹೊರಗಿನ ಹೊಸ ಗಾಳಿ ತರುವುದಿಲ್ಲ, ಕೋಣೆಯ ಗಾಳಿಯನ್ನೇ ತಿರುಗಿಸುತ್ತದೆ. ಬೆಳಗ್ಗೆ ಎದ್ದ ಮೇಲೆ ಕಿಟಕಿ ತೆರೆಯಿರಿ. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು ಮನೆಯವರೇ ಮಾಡಬಹುದಾದ ಕೆಲಸ.

ಮಳೆಗಾಲಕ್ಕೆ ಹೊರಗಿನ ಪೆಟ್ಟಿಗೆಗೆ ಪ್ಲಾಸ್ಟಿಕ್ ಸುತ್ತಿ ಕಟ್ಟುವವರಿದ್ದಾರೆ. ಅದು ಮಳೆಯಲ್ಲಿ ನಿಲ್ಲಲೆಂದೇ ಮಾಡಿದ ಪೆಟ್ಟಿಗೆ. ಸುತ್ತಿ ಕಟ್ಟಿದರೆ ಒಳಗಿನ ತೇವ ಹೊರಗೆ ಹೋಗುವುದಿಲ್ಲ, ಇಲಿ, ಇರುವೆಗಳಿಗೆ ಬೆಚ್ಚನೆಯ ಗೂಡಾಗುತ್ತದೆ, ಕೆಡುವುದು ಒಳಗಿನ ದುಬಾರಿ ಬೋರ್ಡು. ಮೇಲಿಂದ ಒಂದು ತಗಡು ಸಾಕು. ಜೂನ್‌ನಿಂದ ಫೆಬ್ರವರಿ ತನಕ ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ.

ಕೊನೆಗೆ, ಯಾವ ಕಂಪನಿ ಒಳ್ಳೆಯದು ಎಂಬ ಪ್ರಶ್ನೆ. ಅದಕ್ಕಿಂತ ಮೊದಲು, ಕೆಟ್ಟರೆ ರಿಪೇರಿಗೆ ಬರುವವನು ಶಿರಸಿ ಪೇಟೆಯಲ್ಲೇ ಇದ್ದಾನೋ ಹುಬ್ಬಳ್ಳಿಯಿಂದ ಬರಬೇಕೋ ಎಂದು ಕೇಳಿ. ನಿಮ್ಮ ಮನೆ ಡಾಂಬರು ರಸ್ತೆಯಿಂದ ಎಷ್ಟು ಒಳಗಿದೆ ಎಂಬುದನ್ನೂ ಅವನಿಗೆ ಆಗಲೇ ಹೇಳಿಬಿಡಿ.