ವೆಬ್ ಪ್ರೋಗ್ರಾಮಿಂಗ್ ಪುಸ್ತಕ: ಹೊಸಬರಿಗೋ, ಅನುಭವಿಗಳಿಗೋ?

ಸಣ್ಣ ಕೈಗಾರಿಕಾ ಘಟಕಗಳಲ್ಲಿಯೂ ಸಗಟು ವ್ಯಾಪಾರ ಸಂಸ್ಥೆಗಳಲ್ಲಿಯೂ ಜಾಲತಾಣದ ಉಸ್ತುವಾರಿಯು ಅನೇಕ ವೇಳೆ ಲೆಕ್ಕಪತ್ರ ವಿಭಾಗದ ಯುವ ನೌಕರನ ಪಾಲಿಗೆ ಬರುವುದುಂಟು. ದರಪಟ್ಟಿಯನ್ನು ಬದಲಿಸಲು, ಆರ್ಡರ್ ಫಾರಂ ಒಂದನ್ನು ಸೇರಿಸಲು ಪ್ರತಿ ಬಾರಿಯೂ ಹೊರಗಿನವರಿಗೆ ಶುಲ್ಕ ತೆರುವುದಕ್ಕಿಂತ ತಮ್ಮ ಹುಡುಗನೇ ಕಲಿಯಲಿ ಎಂದು ಮಾಲೀಕರು ಪುಸ್ತಕ ತರಿಸಿಕೊಡುತ್ತಾರೆ. ಉದ್ದೇಶವೇನೋ ಒಳ್ಳೆಯದೇ. ಆದರೆ ಯಾವ ಪುಸ್ತಕ ಯಾರಿಗೆ ಎಂಬ ವಿವೇಚನೆಯಿಲ್ಲದೆ ಕೊಂಡಲ್ಲಿ, ಪುಸ್ತಕದ ಬೆಲೆಗಿಂತ ಹೆಚ್ಚಿನ ನಷ್ಟವು ನೌಕರನ ಸಮಯದಲ್ಲಿ ಆಗುತ್ತದೆ. ಅರೆಬರೆ ಕಲಿತು ಬರೆದ ಪ್ರೋಗ್ರಾಂನಿಂದ ಗ್ರಾಹಕರ ಮಾಹಿತಿ ಪರರ ಪಾಲಾದರೆ ಅದು ಇನ್ನೂ ದೊಡ್ಡ ನಷ್ಟ.

ಮುನ್ನುಡಿಯೇ ಮೊದಲ ಸಾಕ್ಷಿ

ಬ್ಯಾಲೆನ್ಸ್ ಶೀಟಿನ ಅಂಕಿಗಳನ್ನು ನಂಬುವ ಮೊದಲು ಅದರ ಟಿಪ್ಪಣಿಗಳನ್ನು ಓದಬೇಕೆಂಬುದು ವ್ಯವಹಾರಸ್ಥರಿಗೆ ತಿಳಿದ ವಿಷಯ. ಪುಸ್ತಕದ ಮುನ್ನುಡಿಯೂ ಅಂತಹುದೇ. ಓದುಗನಿಗೆ ಮೊದಲೇ ಏನೇನು ತಿಳಿದಿರಬೇಕು ಎಂಬುದನ್ನು ಪ್ರಾಮಾಣಿಕ ಲೇಖಕರು ಅಲ್ಲಿಯೇ ಹೇಳಿರುತ್ತಾರೆ. ಡಗ್ಲಾಸ್ ಕ್ರಾಕ್‌ಫರ್ಡ್ ಅವರು 2008ರಲ್ಲಿ ಪ್ರಕಟಿಸಿದ 'ಜಾವಾಸ್ಕ್ರಿಪ್ಟ್: ದಿ ಗುಡ್ ಪಾರ್ಟ್ಸ್' ಪುಸ್ತಕದ ಮುನ್ನುಡಿಯು, ಇದು ಹೊಸಬರಿಗಾಗಿ ಬರೆದುದಲ್ಲವೆಂದು ಸ್ಪಷ್ಟವಾಗಿ ತಿಳಿಸುತ್ತದೆ. ಆದರೆ ಇನ್ನೂರು ಪುಟಗಳನ್ನೂ ಮೀರದ ಅದರ ಗಾತ್ರವನ್ನು ಕಂಡು ಸುಲಭವೆಂದು ಭಾವಿಸುವವರು ಮೋಸಹೋಗುತ್ತಾರೆ. ಇದಕ್ಕೆ ವಿರುದ್ಧವಾಗಿ, ಜಾನ್ ಡಕೆಟ್ ಅವರು ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್ ಕುರಿತು 2011ರಲ್ಲಿ ತಂದ ಪುಸ್ತಕವು ಐನೂರು ಪುಟಗಳ ಸಮೀಪವಿದ್ದರೂ, ಚಿತ್ರಗಳ ಸಹಿತ ಮೊದಲಿನಿಂದ ವಿವರಿಸುವ ಕಾರಣ ಹೊಸಬರ ಕೈಗೆ ಸಲ್ಲುತ್ತದೆ. ಆದ್ದರಿಂದ ಪುಟಸಂಖ್ಯೆಯು ಅಳತೆಗೋಲಾಗಲಾರದು.

ಮೊದಲ ಅಧ್ಯಾಯಗಳ ಪರೀಕ್ಷೆ

ಹೊಸಬರ ಪುಸ್ತಕವು ಬೇಕಾದ ತಂತ್ರಾಂಶವನ್ನು ಗಣಕಯಂತ್ರದಲ್ಲಿ ಸ್ಥಾಪಿಸುವ ಬಗೆ, ವೇರಿಯಬಲ್ ಎಂದರೇನು, ತಪ್ಪಾದಾಗ ಪರದೆಯ ಮೇಲೆ ಮೂಡುವ ಸಂದೇಶವನ್ನು ಓದುವುದು ಹೇಗೆ ಎಂಬುದರಿಂದ ಆರಂಭವಾಗುತ್ತದೆ. ಪ್ರತಿ ಅಧ್ಯಾಯದ ಕೊನೆಯಲ್ಲಿ ಅಭ್ಯಾಸಗಳಿರುತ್ತವೆ. ಅನುಭವಿಗಳ ಪುಸ್ತಕವು ಇವೆಲ್ಲ ತಿಳಿದಿವೆಯೆಂದೇ ಭಾವಿಸಿ, ಬೇರೆ ಪ್ರೋಗ್ರಾಮಿಂಗ್ ಭಾಷೆಗಳೊಡನೆ ಹೋಲಿಕೆ, ದೊಡ್ಡ ಯೋಜನೆಗಳ ರಚನೆ, ವೇಗ ಮುಂತಾದ ವಿಚಾರಗಳಿಗೆ ನೇರವಾಗಿ ಇಳಿಯುತ್ತದೆ. ಹೊದಿಕೆಯ ಮೇಲೆ 'ಸಂಪೂರ್ಣ', 'ಸುಲಭ' ಎಂಬ ಪದಗಳಿದ್ದ ಮಾತ್ರಕ್ಕೆ ಒಳಗಿನ ಸರಕು ಹಾಗೆಯೇ ಇರುತ್ತದೆಂದು ತಿಳಿಯಬಾರದು.

ಹಳೆಯ ಮುದ್ರಣದ ಅಪಾಯ

ಬೆಂಗಳೂರಿನ ಅವೆನ್ಯೂ ರಸ್ತೆಯಂತಹ ಹಳೆಯ ಪುಸ್ತಕಗಳ ಪೇಟೆಯಲ್ಲಿ ಕಡಿಮೆ ಬೆಲೆಗೆ ದೊರೆಯುವ ಪುಸ್ತಕಗಳ ಮುದ್ರಣ ವರ್ಷವನ್ನು ತಪ್ಪದೆ ನೋಡಬೇಕು. ಪಿಎಚ್‌ಪಿ ಭಾಷೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಹಳೆಯ ಪುಸ್ತಕಗಳು ದತ್ತಸಂಚಯದ ಸಂಪರ್ಕಕ್ಕೆ ಕಲಿಸುತ್ತಿದ್ದ 'ಮೈಎಸ್‌ಕ್ಯೂಎಲ್_ಕನೆಕ್ಟ್' ಮುಂತಾದ ಆದೇಶಗಳನ್ನು 2015ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಪಿಎಚ್‌ಪಿ 7ರಲ್ಲಿ ಕೈಬಿಡಲಾಯಿತು. ಪಿಎಚ್‌ಪಿ 5.6 ಆವೃತ್ತಿಗೆ ಭದ್ರತಾ ತಿದ್ದುಪಡಿಗಳು 2018ರ ಅಂತ್ಯಕ್ಕೆ ನಿಂತವು. ಅನುಭವಿಯಾದವನು ಹಳೆಯ ಪುಸ್ತಕದಲ್ಲಿ ಜೊಳ್ಳನ್ನು ತೂರಿ ಕಾಳನ್ನು ಉಳಿಸಿಕೊಳ್ಳಬಲ್ಲನು. ಹೊಸಬನಿಗೆ ಯಾವುದು ಜೊಳ್ಳೆಂಬುದೇ ತಿಳಿಯದು. ಪುಸ್ತಕದಲ್ಲಿದ್ದಂತೆಯೇ ಬರೆದರೂ ಪ್ರೋಗ್ರಾಂ ಓಡದಿದ್ದಾಗ ದೋಷ ತನ್ನದೇ ಎಂದು ಭಾವಿಸಿ ಆತನು ಕಲಿಕೆಯನ್ನೇ ಬಿಡುವ ಸಂಭವವುಂಟು.

ಭದ್ರತೆಯ ವಿಷಯ ಇದಕ್ಕಿಂತ ಗಂಭೀರವಾದುದು. ಆರ್ಡರ್ ಫಾರಂನ ಹೆಸರಿನ ಜಾಗದಲ್ಲಿ ಕಿಡಿಗೇಡಿಯೊಬ್ಬನು ಹೆಸರಿನ ಬದಲು ದತ್ತಸಂಚಯಕ್ಕೆ ಆದೇಶವನ್ನೇ ಬರೆಯಬಹುದು. ತುಂಬಿದ ಮಾತನ್ನು ಪರಿಶೀಲಿಸದೆ ಆದೇಶಕ್ಕೆ ಜೋಡಿಸುವ ಪ್ರೋಗ್ರಾಂ ಅದನ್ನು ಪಾಲಿಸಿಬಿಡುತ್ತದೆ. ಮೊತ್ತದ ಜಾಗವನ್ನು ಖಾಲಿ ಬಿಟ್ಟು ಸಹಿ ಮಾಡಿದ ಚೆಕ್ಕಿಗೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಇದಕ್ಕೆ 'ಎಸ್‌ಕ್ಯೂಎಲ್ ಇಂಜೆಕ್ಷನ್' ಎಂದು ಹೆಸರು. 'ಪ್ರಿಪೇರ್ಡ್ ಸ್ಟೇಟ್‌ಮೆಂಟ್' ಎಂಬ ವಿಧಾನವು ಇದಕ್ಕೆ ತಡೆ. ದತ್ತಸಂಚಯದ ಬಳಕೆಯನ್ನು ಕಲಿಸುವ ಪುಸ್ತಕದ ಪದಸೂಚಿಯಲ್ಲಿ ಈ ಎರಡು ಪದಗಳಿವೆಯೇ ಎಂಬುದನ್ನು ಪ್ರೋಗ್ರಾಮಿಂಗ್ ಅರಿಯದ ಮಾಲೀಕರೂ ಎರಡು ನಿಮಿಷದಲ್ಲಿ ನೋಡಬಹುದು. ಇಲ್ಲವಾದಲ್ಲಿ ಆ ಪುಸ್ತಕವನ್ನು ಹೊಸಬರಿಗೆ ಕೊಡದಿರುವುದೇ ಲೇಸು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಅನುಸೂಚಿಯಲ್ಲಿ, ಮಾಹಿತಿ ಸೋರಿಕೆ ತಡೆಯಲು ಸಮಂಜಸ ಸುರಕ್ಷತಾ ಕ್ರಮ ಕೈಗೊಳ್ಳದಿದ್ದುದಕ್ಕೆ ಗರಿಷ್ಠ ದಂಡವು 250 ಕೋಟಿ ರೂಪಾಯಿಗಳೆಂದು ನಮೂದಾಗಿದೆ. ಅಷ್ಟು ಮೊತ್ತ ಸಣ್ಣ ಘಟಕಕ್ಕೆ ಬೀಳದಿದ್ದರೂ, ಹೊಣೆಗಾರಿಕೆ ಪ್ರೋಗ್ರಾಂ ಬರೆದ ನೌಕರನದ್ದಲ್ಲ, ಸಂಸ್ಥೆಯದ್ದು ಎಂಬುದನ್ನು ಮರೆಯಬಾರದು.

ಅರ್ಧ ಗಂಟೆಯ ಪರೀಕ್ಷೆ

ಕೊಳ್ಳುವ ಮೊದಲು, ಓದಬೇಕಾದ ನೌಕರನಿಂದಲೇ ಮೂರನೆಯ ಅಧ್ಯಾಯದ ಹತ್ತು ಪುಟಗಳನ್ನು ಓದಿಸುವುದು ಉತ್ತಮ. ಓದಿದುದನ್ನು ಆತನು ಪುಸ್ತಕ ಮುಚ್ಚಿ ತನ್ನ ಮಾತಿನಲ್ಲಿ ವಿವರಿಸಬಲ್ಲನಾದರೆ, ಮತ್ತು ಅದರಲ್ಲಿ ಹೊಸದೇನಾದರೂ ಇದ್ದರೆ, ಪುಸ್ತಕವು ಆತನ ಮಟ್ಟಕ್ಕೆ ತಕ್ಕುದು. ಎಲ್ಲವೂ ತಿಳಿದದ್ದೇ ಆದರೆ ಪುಸ್ತಕ ಕೆಳಮಟ್ಟದ್ದು. ಸಾಲುಸಾಲಿಗೂ ಅಪರಿಚಿತ ಪದಗಳು ಅಡ್ಡಬಂದರೆ ಅದು ಸದ್ಯಕ್ಕೆ ಮೇಲ್ಮಟ್ಟದ್ದು. ಆಗ ಅದನ್ನು ನಿರಾಕರಿಸದೆ ಆರು ತಿಂಗಳ ನಂತರದ ಪಟ್ಟಿಯಲ್ಲಿ ಇಡಬಹುದು.

ಕಲಿಕೆಯ ಪ್ರಯೋಗಗಳನ್ನು ಜಾಲತಾಣದ ಪ್ರತಿಯೊಂದರ ಮೇಲೆ, ಕಚೇರಿಯ ಗಣಕಯಂತ್ರದಲ್ಲಿಯೇ ನಡೆಸಬೇಕು. ಚಾಲ್ತಿಯಲ್ಲಿರುವ ತಾಣದ ಮೇಲೆ ಸಲ್ಲದು. ಹಣ ಪಾವತಿಯ ಭಾಗವನ್ನಂತೂ ಅಧಿಕೃತ ಪಾವತಿ ಸೇವಾ ಸಂಸ್ಥೆಗಳಿಗೆ ಬಿಡುವುದೇ ಕ್ಷೇಮ.

ಪ್ರಾರಂಭಿಕ ಶಿಲ್ಕನ್ನು ತಪ್ಪಾಗಿ ಬರೆದರೆ ವರ್ಷಾಂತ್ಯದ ಲೆಕ್ಕ ತಾಳೆಯಾಗದು. ಕಲಿಯುವವನಿಗೆ ಈಗ ಎಷ್ಟು ಗೊತ್ತು ಎಂಬುದೇ ಇಲ್ಲಿ ಪ್ರಾರಂಭಿಕ ಶಿಲ್ಕು. ಅದನ್ನು ಮೊದಲು ಸರಿಯಾಗಿ ನಮೂದಿಸಿಕೊಂಡು, ಅನಂತರ ಪುಸ್ತಕವನ್ನು ಆರಿಸಿದಲ್ಲಿ ಹಣವೂ ಶ್ರಮವೂ ವ್ಯರ್ಥವಾಗಲಾರವು.