ತಂತಿ ಎಳೆದರೆ ನಾದ, ಇನ್ನೊಂದು ಎಳೆದರೆ ಚಿತ್ರ!

ಮದುವೆ ಮನೆಯ ಮೈಕ್ ಸೆಟ್ಟಿನ ಹುಡುಗನನ್ನ ನೀವೆಲ್ಲ ನೋಡಿದೀರಿ. ಮೈಕಿನ ತಂತಿ ಆಂಪ್ಲಿಫೈಯರಿಗೆ, ಅಲ್ಲಿಂದ ಇನ್ನೊಂದು ತಂತಿ ಹಾರ್ನಿಗೆ. ತಿರುಪು ತಿರುಗಿಸಿದ ಅಂದರೆ ಪುರೋಹಿತರ ಮಂತ್ರ ಮೂರು ಬೀದಿಗೆ ಕೇಳುತ್ತೆ. ಕಂಪ್ಯೂಟರ್ ಭಾಷೆ ಅವನಿಗೆ ಬಾರದು. ಯಾವ ತಂತಿ ಎಲ್ಲಿಗೆ ಅನ್ನೋದು ಮಾತ್ರ ಚೆನ್ನಾಗಿ ಗೊತ್ತು.

ಈ ವಿದ್ಯೆಯನ್ನೇ ಕಂಪ್ಯೂಟರಿನೊಳಗೆ ತಂದವರು ಅಮೆರಿಕದ ಮಿಲ್ಲರ್ ಪಕೆಟ್. 1980ರ ದಶಕದಲ್ಲಿ ಪ್ಯಾರಿಸ್ಸಿನ 'ಇರ್ಕಾಂ' ಸಂಗೀತ ಸಂಶೋಧನಾ ಕೇಂದ್ರದಲ್ಲಿದ್ದಾಗ ಅವರು 'ಮ್ಯಾಕ್ಸ್' ಎಂಬ ತಂತ್ರಾಂಶ ಬರೆದರು. 1957ರಲ್ಲೇ ಕಂಪ್ಯೂಟರಿನಿಂದ ಸಂಗೀತ ಹೊರಡಿಸಿದ ಮ್ಯಾಕ್ಸ್ ಮ್ಯಾಥ್ಯೂಸ್ ಅವರ ಹೆಸರನ್ನೇ ಅದಕ್ಕಿಟ್ಟರು. 1990ರಲ್ಲಿ ಅದು ಮಾರಾಟದ ಸರಕಾಯಿತು. ಕಾಸಿದ್ದವರಿಗೆ ಸಿಕ್ಕಿತು. ಕಾಸಿಲ್ಲದವರ ಗತಿ?

ಅದಕ್ಕೂ ಉತ್ತರ ಕೊಟ್ಟವರು ಇದೇ ಪಕೆಟ್. ಹೊಸದಾಗಿ ಬರೆದ 'ಪ್ಯೂರ್ ಡೇಟಾ'ವನ್ನು 1996ರಲ್ಲಿ ಹೊರಗೆ ಬಿಟ್ಟರು. ಅದು ಇವತ್ತಿಗೂ ಪುಕ್ಕಟೆ. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಲೂಬಹುದು.

ಕೆಲಸ ಹೇಗೆ ಅಂತೀರಾ? ಪರದೆಯ ಮೇಲೆ ಸಣ್ಣ ಸಣ್ಣ ಚೌಕಗಳು. ಒಂದರಲ್ಲಿ 440 ಅಂತ ಬರೆದರೆ ಸೆಕೆಂಡಿಗೆ 440 ಸಲ ಕಂಪಿಸುವ ಶ್ರುತಿ. ಅದರ ಕೆಳಗಿನ ಚೌಕ ಅದನ್ನು 0.1ರಿಂದ ಗುಣಿಸಿ ತಗ್ಗಿಸುತ್ತೆ. ಮೂರನೆಯದು ಸ್ಪೀಕರಿಗೆ ಕಳಿಸುತ್ತೆ. ನಡುವೆ ಗೆರೆ ಎಳೆದರೆ ಮುಗೀತು, ಗೆರೆಯೇ ತಂತಿ. ಆ ನಡುವಿನ ಚೌಕ ಮರೆತಿರೋ, ಕಿವಿಗೆ ಕಾದ ಸೀಸ ಹೊಯ್ದ ಹಾಗೆ!

ಇನ್ನು ಚಿತ್ರದ ಮಾತು. ಇದಕ್ಕೆ 'ಜೆಮ್' ಎಂಬ ಸಲಕರಣೆ ಸೇರಿಸಬೇಕು. ಮೈಕಿನ ಮುಂದೆ ತಮಟೆ ಬಾರಿಸಿ. ಒಂದು ಚೌಕ ಸದ್ದಿನ ಜೋರನ್ನ ಅಳೆದು ಅಂಕಿ ಕೊಡುತ್ತೆ. ಆ ಅಂಕಿಯ ತಂತಿಯನ್ನ ಪರದೆಯ ಗೋಳದ ಗಾತ್ರಕ್ಕೆ ಕೊಟ್ಟರೆ, ಪೆಟ್ಟು ಬಿದ್ದಾಗಲೆಲ್ಲ ಗೋಳ ಉಬ್ಬುತ್ತೆ, ಕುಗ್ಗುತ್ತೆ. ಕಂಪ್ಯೂಟರಿಗೆ ಸದ್ದೂ ಅಂಕಿಯೇ, ಬಣ್ಣವೂ ಅಂಕಿಯೇ. ಆಟ ನಿಲ್ಲಿಸದೆ ನಡುವೆಯೇ ತಂತಿ ಬದಲಾಯಿಸಬಹುದು.

ಪುಕ್ಕಟೆ ಅಂದಮಾತ್ರಕ್ಕೆ ಸಲೀಸಲ್ಲ ಸ್ವಾಮಿ. ಚೌಕ ನೂರು ದಾಟಿದರೆ ಹಳೇ ರೇಡಿಯೋದ ಹೊಟ್ಟೆ ಬಗೆದ ಹಾಗೆ ಗೋಜಲು. ಯಾವುದು ಇಂಪು, ಯಾವುದು ಅಂದ ಅಂತ ತಂತ್ರಾಂಶ ಹೇಳಿಕೊಡೋದಿಲ್ಲ. ಅದಕ್ಕೆ ನಮ್ಮ ಕಿವಿ, ನಮ್ಮ ಕಣ್ಣೇ ಗತಿ.

ಆದರೆ ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಅಂಗೈಯಗಲದ 'ರಾಸ್ಪ್‌ಬೆರಿ ಪೈ' ಮೇಲೂ ಪ್ಯೂರ್ ಡೇಟಾ ಓಡುತ್ತೆ. ಆದ್ದರಿಂದ ಅಂಗಡಿ ಮೂಲೆಯ ಹಳೇ ಕಂಪ್ಯೂಟರನ್ನ ಗುಜರಿಗೆ ಹಾಕೋ ಮುಂಚೆ ಯೋಚಿಸಿ. ಮನೆಯಲ್ಲಿ ತಂತಿ ಬಿಚ್ಚಿ ಕಟ್ಟುವ ಮಗನೋ ಮಗಳೋ ಇದ್ದರೆ ಗದರಬೇಡಿ. ಮುಂದಿನ ಮದುವೆಯಲ್ಲಿ ಆ ಮೈಕ್ ಸೆಟ್ಟಿನ ಹುಡುಗ ಸಿಕ್ಕರೆ, ಅವನ ಕಿವಿಗೂ ಈ ಸುದ್ದಿ ಹಾಕಿ.