ಗಾಣದ ಗೋಡೆ ಮೇಲೆ ಬರೆದ ಒಂದು ಸಾಲು

ಈ ವಾರ ರೋಗ, ಗೊಬ್ಬರದ ಮಾತಿಲ್ಲ. ಒಂದೇ ಒಂದು ಸಾಲಿನ ಮಾತು. ಆ ಸಾಲು ಇಲ್ಲದೆ ನಮ್ಮ ಬೆಲ್ಲದ ಗಾಣ ದಾರಿ ತಪ್ಪುವುದರಲ್ಲಿತ್ತು.

ನಮ್ಮದು ಖಾನಾಪುರ ತಾಲೂಕು, ಮೂರು ಎಕರೆ ಕಬ್ಬು. ನಾನು, ನಮ್ಮಣ್ಣ ಸೇರಿ ಸಣ್ಣ ಗಾಣ ಹಾಕಿದ್ದೆವು. ಹೊಸ ಕೊಪ್ಪರಿಗೆ, ಪ್ಯಾಕಿಂಗ್ ಮಷಿನ್ ಬೇಕಾಗಿತ್ತು. ಸಾಲಕ್ಕಂತ ಬೆಳಗಾವಿಯ ಬ್ಯಾಂಕೊಂದಕ್ಕೆ ಹೋಗುವ ಹಿಂದಿನ ರಾತ್ರಿ ಪ್ರಾಜೆಕ್ಟ್ ರಿಪೋರ್ಟ್ ತುಂಬುತ್ತಿದ್ದೆ. ‘ವಿಷನ್’ ಅನ್ನುವ ಜಾಗ ಖಾಲಿ ಉಳಿದಿತ್ತು. ಮೊಬೈಲಿನಲ್ಲಿ ಹುಡುಕಿ, ಸಿಕ್ಕ ಇಂಗ್ಲಿಷ್ ಸಾಲನ್ನು ಹಾಗೇ ಅಂಟಿಸಿಬಿಟ್ಟೆ. ಜಗತ್ತಿನಲ್ಲೇ ಮುಂಚೂಣಿ ಸಂಸ್ಥೆ ಆಗುತ್ತೇವೆ ಅನ್ನುವ ಅರ್ಥದ್ದು.

ಮ್ಯಾನೇಜರ್ ಸಾಹೇಬ್ರು ಓದಿ ನಕ್ಕರು. "ತಮ್ಮಾ, ಇದು ಬೆಲ್ಲದ ಗಾಣದ್ದೋ, ಸಿಮೆಂಟ್ ಫ್ಯಾಕ್ಟರಿದ್ದೋ? ಯಾರಿಗೆ ಮಾರ್ತೀರಿ, ಅವರು ನಿಮ್ಮ ಹತ್ರನ ಯಾಕ ಬರಬೇಕು, ಅದನ್ನ ನಿಮ್ಮ ಮಾತಿನ್ಯಾಗ ಬರಕೊಂಡು ಬರ್ರಿ" ಅಂದು ಫೈಲು ವಾಪಸ್ ಕೊಟ್ಟರು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಣ್ಣನಿಗೂ ನನಗೂ ಜಗಳ. ಪೇಟೆಗೆ ಸಗಟು ಹಳದಿ ಬೆಲ್ಲ ಹಾಕೋಣ ಅಂತ ಅವನು. ಮನೆ ಮನೆಗೆ ಕೆಮಿಕಲ್ ಇಲ್ಲದ ಬೆಲ್ಲ ಕೊಡೋಣ ಅಂತ ನಾನು. ಒಂದೇ ಗಾಣದಲ್ಲಿ ಎರಡು ಕನಸು ಇದ್ದವು, ಇಬ್ಬರಿಗೂ ಗೊತ್ತೇ ಇರಲಿಲ್ಲ! ವಿಷನ್ ಬರೆಯುವುದರ ಮೊದಲ ಲಾಭವೇ ಇದು. ಒಳಗಿನ ಭಿನ್ನಾಭಿಪ್ರಾಯ ಸಾಲ ತೆಗೆಯುವ ಮೊದಲೇ ಹೊರಗೆ ಬರುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಅವ್ವ ಕೇಳಿದಳು, "ಹತ್ತು ವರ್ಷ ಬಿಟ್ಟು ಯಾರ ಮನ್ಯಾಗ ನಮ್ಮ ಬೆಲ್ಲ ಇರಬೇಕು ಅನ್ನೋದರ ಹೇಳ್ರಿ." ಮೂರು ದಿನ ಬರೆದು, ಅಳಿಸಿ, ಕೊನೆಗೆ ಗಾಣದ ಗೋಡೆ ಮೇಲೆ ಸುಣ್ಣದಲ್ಲಿ ಬರೆದ ಸಾಲು ಹೀಗಿದೆ:

"ಹತ್ತು ವರ್ಷದೊಳಗೆ ಬೆಳಗಾವಿಯ 1,000 ಮನೆಗಳಲ್ಲಿ, ಮಕ್ಕಳ ಕೈಗೆ ಧೈರ್ಯವಾಗಿ ಕೊಡುವಂಥ, ಹೈಡ್ರೋಸ್ ಹಾಕದ ಬೆಲ್ಲ ನಮ್ಮ ಗಾಣದ್ದಾಗಿರಬೇಕು."

ಹೈಡ್ರೋಸ್ ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್. ಬೆಲ್ಲಕ್ಕೆ ಹಳದಿ ಬಣ್ಣ ಬರಲಿ ಅಂತ ಹಾಕುತ್ತಾರೆ. ನಾವು ಬೆಂಡೆ ಗಿಡದ ಲೋಳೆ ರಸ ಹಾಕಿ ಹೊಲಸು ತೆಗೆಯುತ್ತೇವೆ, ಬೆಲ್ಲ ಕಂದು ಬಣ್ಣಕ್ಕೇ ಇರುತ್ತದೆ.

1,000 ಅನ್ನುವ ಅಂಕಿ ಎಲ್ಲಿಂದ ಬಂತು? ಒಂದು ಮನೆಗೆ ತಿಂಗಳಿಗೆ 1 ಕೆಜಿ ಹಿಡಿದರೆ ವರ್ಷಕ್ಕೆ 12 ಕೆಜಿ. ಸಾವಿರ ಮನೆಗೆ 120 ಕ್ವಿಂಟಲ್. ನಮ್ಮ ಮೂರು ಎಕರೆ ಕಬ್ಬಿನಿಂದ ಹೆಚ್ಚುಕಡಿಮೆ ಅಷ್ಟೇ ಬೆಲ್ಲ ಬರುವುದು. ಕನಸು ದೊಡ್ಡದಿರಲಿ, ಆದರೆ ಹೊಲದ ಲೆಕ್ಕಕ್ಕೆ ಹೊಂದಬೇಕು.

ಸಾಲ ಮಂಜೂರಾಯಿತು. ನಿಜವಾದ ಪರೀಕ್ಷೆ ಬಂದದ್ದು ಹೋದ ಹಂಗಾಮಿನಲ್ಲಿ. ವ್ಯಾಪಾರಿಯೊಬ್ಬರು 20 ಕ್ವಿಂಟಲ್ ಆರ್ಡರ್ ತಂದರು, ನಗದು. ಶರತ್ತು ಒಂದೇ, ಬಣ್ಣ ಹಳದಿ ಇರಬೇಕು. ನಾನು ತಡವರಿಸಿದೆ. ಸಗಟು ಬೇಕಂತ ಜಗಳವಾಡಿದ ಅಣ್ಣನೇ ಗೋಡೆ ಕಡೆ ಕೈ ಮಾಡಿ, "ಆಗೂದಿಲ್ರಿ ಸಾವಕಾರ್ರ" ಅಂದ. ಆ ತಿಂಗಳು ಆಳುಗಳ ಪಗಾರ ಎರಡು ವಾರ ತಡವಾಯಿತು, ಅದನ್ನು ಮುಚ್ಚಿಡುವುದಿಲ್ಲ. ಇವತ್ತು ನಮ್ಮ ಹತ್ತಿರ ಕಾಯಂ 140 ಮನೆಗಳಿವೆ. ಸಾವಿರ ಇನ್ನೂ ದೂರ, ಆದರೆ ದಾರಿ ಒಂದೇ.

ನಮ್ಮ ಬೆಳಗಾವಿಯಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. 1916ರಲ್ಲಿ ಏಳು ಜನ ಯುವ ಶಿಕ್ಷಕರು, ಈ ಭಾಗದ ಮಕ್ಕಳಿಗೆ ಶಿಕ್ಷಣ ಸಿಗಬೇಕು ಅನ್ನುವ ಒಂದೇ ಗುರಿ ಹಿಡಿದು ಶಾಲೆ ಶುರು ಮಾಡಿದರು. ಅದೇ ಇವತ್ತಿನ ಕೆಎಲ್‌ಇ ಸಂಸ್ಥೆ. ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರವೂ ಅವರದೇ. ಶುರುವಾದದ್ದು ಕಟ್ಟಡದಿಂದಲ್ಲ, ಸ್ಪಷ್ಟ ಗುರಿಯಿಂದ.

ನೀವು ಬರೆಯುವಾಗ ಇಷ್ಟು ನೋಡಿಕೊಳ್ಳಿ:

1. ಯಾರಿಗಾಗಿ? ‘ಎಲ್ಲರಿಗೂ’ ಅಂತ ಬರೆಯಬೇಡಿ. ಊರು, ಪೇಟೆ, ಮನೆ ಹೆಸರಿಸಿ.
2. ಅವರಿಗೆ ಏನು ಒಳ್ಳೇದಾಗುತ್ತದೆ? ‘ಉತ್ತಮ ಗುಣಮಟ್ಟ’ ಸಾಲದು. ಏನು ಹಾಕುತ್ತೀರಿ, ಏನು ಹಾಕುವುದಿಲ್ಲ ಹೇಳಿ.
3. ಎಷ್ಟು, ಎಷ್ಟು ವರ್ಷದಲ್ಲಿ? ಅಳೆಯಲು ಬರುವ ಒಂದು ಅಂಕಿ ಇರಲಿ.
4. ಯಾವುದಕ್ಕೆ ‘ಇಲ್ಲ’ ಅನ್ನುತ್ತೀರಿ? ನಿಮ್ಮ ಸಾಲು ಒಂದು ಆರ್ಡರನ್ನೂ ಬೇಡ ಅನ್ನದಿದ್ದರೆ, ಅದು ಬರೀ ಅಲಂಕಾರ.

ವಿಷನ್ ಅಂದರೆ ಮುಟ್ಟಬೇಕಾದ ಊರು. ದಿನನಿತ್ಯದ ಕೆಲಸ ಅಲ್ಲಿಗೆ ಹೋಗುವ ದಾರಿ. ಎರಡನ್ನೂ ಒಂದೇ ಸಾಲಿಗೆ ತುರುಕಬೇಡಿ.

2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಸಣ್ಣ ಆಹಾರ ಘಟಕಗಳಿಗೆ ಶೇ. 35, ಗರಿಷ್ಠ 10 ಲಕ್ಷ ರೂ. ಸಹಾಯಧನದ ಅವಕಾಶ ಇಡಲಾಗಿತ್ತು. ಅರ್ಜಿಗೆ ಮುಂಚೆ ಕೃಷಿ ಇಲಾಖೆಯಲ್ಲಿ ಈಗಿನ ನಿಯಮ ಕೇಳಿಕೊಳ್ಳಿ. ಆ ವರದಿಯಲ್ಲೂ ಮೊದಲು ಉತ್ತರಿಸಬೇಕಾದದ್ದು ಇವೇ ಪ್ರಶ್ನೆಗಳಿಗೆ.

ಈ ವಾರದ ಕೆಲಸ: ಇವತ್ತು ರಾತ್ರಿ ಮನೆಯವರನ್ನೆಲ್ಲ ಕೂಡಿಸಿ, ಅವ್ವ ಕೇಳಿದ ಪ್ರಶ್ನೆ ಕೇಳಿ. ಬಂದ ಉತ್ತರಗಳನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಒಂದು ಸಾಲು ಮಾಡಿ, ಪಕ್ಕದ ಮನೆಯವರಿಗೆ ಓದಿ ಹೇಳಿ. ಅವರು "ಹಂಗಂದ್ರ ಏನು?" ಅಂದರೆ ಮತ್ತೆ ಬರೆಯಿರಿ. "ಹೌದಲ್ಲ!" ಅಂದರೆ ಗೋಡೆ ಮೇಲೆ ಬರೆಯಿರಿ.